ಅತ್ತೆ ಕಾಯ್ದಿಟ್ಟ ಮೊದಲ ನೋಟ

ನಮ್ಮ ಅತ್ತೆಯ ಬಳಿ ಬಹಳ ವರ್ಷಗಳಿಂದ ಒಂದು ದುವಾ ಎತ್ತಿಟ್ಟದ್ದಿತ್ತು. ಕಾಬಾದ ಮೇಲೆ ಮೊಟ್ಟಮೊದಲ ಸಲ ಕಣ್ಣು ಬಿದ್ದ ಗಳಿಗೆಯಲ್ಲಿ ಏನು ಬೇಡಿಕೊಂಡರೂ ಅದು ಬರಿಗೈಯಲ್ಲಿ ಮರಳುವುದಿಲ್ಲ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಆಮೇಲೆ ಎಷ್ಟು ಸಲ ನೋಡಿದರೂ ಪುಣ್ಯವೇ. ಆದರೆ ಮೊದಲ ನೋಟ ಒಂದೇ. ಅತ್ತೆ ಆ ನೋಟವನ್ನು, ಮದುವೆಯ ಸೀರೆಯನ್ನು ಟ್ರಂಕಿನ ತಳದಲ್ಲಿ ಇಡುವ ಹಾಗೆ, ಯಾರ ಕೈಗೂ ಸಿಗದಂತೆ ಇಟ್ಟುಕೊಂಡಿದ್ದರು. ಏನು ಬೇಡಿಕೊಳ್ಳುತ್ತೀರಿ ಎಂದು ಕೇಳಿದರೆ, "ಅಲ್ಲೆ ಹೋದ ಮ್ಯಾಲೆ ನೋಡೂಣು. ಈಗ ನಿನಗ್ಯಾಕ?" ಎಂದು ಮಾತು ಮುಗಿಸುತ್ತಿದ್ದರು.

ಆ ದುವಾ ಕೈತಪ್ಪಿ ಹೋದೀತೆಂಬ ಹೆದರಿಕೆ ಅವರಿಗೆ ಹುಟ್ಟಿದ್ದು ನನ್ನ ಮೈದುನ ತಂದ ಒಂದು ಕನ್ನಡಕದಿಂದ.

ನಮ್ಮದು ಸವಣೂರು. ಮನೆಯಲ್ಲಿ ಆಡುವುದು ಅರ್ಧ ಉರ್ದು, ಅರ್ಧ ಕನ್ನಡ. ಒಂದೇ ಮಾತಿನಲ್ಲಿ ಎರಡೂ ಬಂದುಹೋಗುತ್ತವೆ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೇ ತಂದುಕೊಂಡಿದ್ದೇನೆ. ನನ್ನ ಗಂಡನದು ವೀಳ್ಯದೆಲೆಯ ವ್ಯಾಪಾರ. ಬೆಳಿಗ್ಗೆ ತೋಟದಿಂದ ಬಂದ ಎಲೆ ನಮ್ಮ ಪಡಸಾಲೆಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಬೀಳುತ್ತದೆ. ಹರಿದದ್ದನ್ನು ಬೇರೆ ಮಾಡಿ, ಕಲೆ ಬಿದ್ದದ್ದನ್ನು ಬೇರೆ ಮಾಡಿ, ಒಳ್ಳೆಯದನ್ನು ಒಂದರ ಮೇಲೊಂದು ಜೋಡಿಸಿ ಕಟ್ಟು ಕಟ್ಟುವುದು ಅತ್ತೆಯ ಕೆಲಸ. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಸುಮ್ಮನೆ ಮಲಗಿ ಎಂದು ಎಷ್ಟು ಹೇಳಿದರೂ ಬಿಡುವವರಲ್ಲ. "ಕಾಲು ಸೋತಾವ, ಕೈ ಏನು ತಪ್ಪು ಮಾಡ್ಯಾವ?" ಎನ್ನುತ್ತಾರೆ.

ಮೈದುನ ನಮ್ಮೊಂದಿಗೇ ಇದ್ದಾನೆ. ಶಿಗ್ಗಾಂವಿಯ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ದಿನಾ ಹೋಗಿ ಬರುತ್ತಾನೆ. ಒಳ್ಳೆಯ ಹುಡುಗ. ಆದರೆ ಎಲ್ಲಿಯಾದರೂ ಹೊಸದೊಂದು ಸಾಮಾನು ಬಂತೆಂದರೆ ಅದು ಮೊದಲು ತನ್ನ ಅಂಗಡಿಯಲ್ಲಿರಬೇಕು, ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಅದರ ಪರೀಕ್ಷೆ ಆಗಬೇಕು. ಒಮ್ಮೆ ಹೆಜ್ಜೆ ಎಣಿಸುವ ಕೈಗಡಿಯಾರ ತಂದು ನನ್ನ ಮುಂಗೈಗೆ ಕಟ್ಟಿದ. ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದೆ. ಬುಟ್ಟಿ ತುಂಬುವಷ್ಟರಲ್ಲಿ ಗಡಿಯಾರ ಗುರುಗುಟ್ಟಿ, ಬಹಳ ದೂರ ನಡೆದಿದ್ದೀರಿ, ಅಭಿನಂದನೆ ಎಂದಿತು. ಕುಳಿತಲ್ಲಿಂದಲೇ ನಾನು ನನ್ನ ತವರು ಹಾನಗಲ್ಲಿನ ಅರ್ಧ ದಾರಿಗೆ ಮುಟ್ಟಿದ್ದೆ. ಅತ್ತೆ ನಕ್ಕರು. "ಇನ್ನೊಂದು ಬುಟ್ಟಿ ಬಡಿ ದುಲ್ಹನ್, ನಿಮ್ಮವ್ವನ್ನ ಮಾತಾಡ್ಸಿಕೊಂಡ ಬಾ." ನಾನು ಸೊಸೆಯಾಗಿ ಬಂದು ತಲೆ ನೆರೆತರೂ ಅವರಿಗೆ ನಾನಿನ್ನೂ ದುಲ್ಹನ್, ಮದುಮಗಳೇ.

ಕನ್ನಡಕ ಬಂದದ್ದು ಹೀಗೇ ಒಂದು ಶುಕ್ರವಾರ, ಜುಮ್ಮಾ ನಮಾಜಿನ ನಂತರ. ಕನ್ನಡಕ ಎಂದು ನಾನು ಕರೆಯುತ್ತೇನೆ, ಮೈದುನ ವಿ.ಆರ್. ಎನ್ನುತ್ತಾನೆ. ಡಬ್ಬಿಯಂತಹದು, ಹಿಂದೆ ಪಟ್ಟಿ, ಮುಖಕ್ಕೆ ತಾಗುವ ಕಡೆ ಮೆತ್ತನೆಯ ಸ್ಪಂಜು. ಕಣ್ಣಿಗೆ ಹಾಕಿಕೊಂಡರೆ ನಮ್ಮ ಪಡಸಾಲೆ ಮಾಯವಾಗಿ ಬೇರೊಂದು ಜಗತ್ತು ಸುತ್ತ ನಿಲ್ಲುತ್ತದೆ.

"ಜಗತ್ತಿನ ದೊಡ್ಡ ದೊಡ್ಡ ಕಂಪನಿ ಎಲ್ಲಾ ಇದರ ಬೆನ್ನ ಹತ್ತ್ಯಾವ ಅಮ್ಮಾ," ಎಂದ ಮೈದುನ. "ಇನ್ನ ಮ್ಯಾಲೆ ಯಾರೂ ಪ್ಯಾಟಿಗೆ ಹೋಗಂಗಿಲ್ಲ, ಆಫೀಸಿಗೆ ಹೋಗಂಗಿಲ್ಲ, ಮದವಿಗೂ ಹೋಗಂಗಿಲ್ಲ. ಎಲ್ಲಾ ಇದರಾಗ."

"ಮದವಿಗೆ ಹೋಗಲಿಲ್ಲಂದ್ರ ಉಣ್ಣೂದೆಲ್ಲೆ?"

"ಊಟ ನಮ್ಮ ನಮ್ಮ ಮನ್ಯಾಗ."

"ಹಂಗಾರ ಅದು ಮದವಿ ಅಲ್ಲ ಬಿಡು. ಅದಕ್ಕ ನಿಂದು ಇನ್ನೂ ಆಗವಲ್ದು," ಎಂದು ಅತ್ತೆ ಎಲೆಯ ಕಟ್ಟಿಗೆ ನಾರು ಸುತ್ತಿದರು.

ಕನ್ನಡಕದಲ್ಲಿ ಸಮುದ್ರದ ಮೀನಿತ್ತು, ಮೇಲಿಂದ ಕೆಳಗೆ ಧುಮುಕುವ ರೈಲಿತ್ತು, ಮಂಜಿನ ಬೆಟ್ಟವಿತ್ತು. ಅವುಗಳ ನಡುವೆ ಮಕ್ಕಾದ ದೊಡ್ಡ ಮಸೀದಿಯೂ ಇತ್ತು. ಬಾಗಿಲಿನಿಂದ ಒಳಗೆ ನಡೆದು, ಕಂಬಗಳ ಸಾಲು ದಾಟಿ, ಕಾಬಾದ ಎದುರು ನಿಲ್ಲುವವರೆಗೆ ಎಲ್ಲವೂ. ಸುದ್ದಿ ಓಣಿಗೆ ಹಬ್ಬಿತು. ಮೀನು ನೋಡಲು ಯಾರೂ ಬರಲಿಲ್ಲ. ಕಾಬಾ ನೋಡಲು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಹೊರಗೆ ಬಿಟ್ಟು, ನಮಾಜಿಗೆ ಮಾಡುವ ಹಾಗೆ ಕೈಕಾಲು ಮುಖ ತೊಳೆದು ವಝೂ ಮಾಡಿಕೊಂಡೇ ಬಂದರು. ತೊಳೆದ ಮುಖವನ್ನು ಒರೆಸಿಕೊಳ್ಳದೆ ಹಾಗೇ ಕನ್ನಡಕಕ್ಕೆ ಒಡ್ಡಿದರು. ನಾಲ್ಕೈದು ಜನ ನೋಡುವಷ್ಟರಲ್ಲಿ ಸ್ಪಂಜು ತೊಯ್ದು ತೊಟ್ಟಿಕ್ಕತೊಡಗಿತು.

"ಭಾಭಿ, ಮುಖ ಒರಸ್ಕೊಂಡ ಬರಾಕ ಹೇಳ್ರಿ," ಎಂದು ಮೈದುನ ನನ್ನ ಕಿವಿಯಲ್ಲಿ ಗೋಗರೆದ. "ಇದರಾಗ ಕರೆಂಟ್ ಐತಿ."

"ನೀನ ಹೇಳಪ್ಪಾ. ವಝೂದ ನೀರು ಒರಸ್ರಿ ಅಂತ ನಾ ಯಾರಿಗೆ ಹೇಳ್ಲಿ?"

ಕೊನೆಗೆ ಅವನು ಸ್ಪಂಜಿಗೆ ಒಂದು ಕರವಸ್ತ್ರ ಸುತ್ತಿದ. ಹಾಗೆ ಕರವಸ್ತ್ರ ಸುತ್ತಬೇಕಾದೀತೆಂದು ಅದನ್ನು ಮಾಡಿದ ಕಂಪನಿಯವರಿಗೆ ಹೊಳೆದಿರಲಿಕ್ಕಿಲ್ಲ.

ನನ್ನ ಸರದಿ ಎಲ್ಲರೂ ಹೋದ ಮೇಲೆ ಬಂತು. ಹಾಕಿಕೊಂಡೆ. ಬಿಳಿಯ ನೆಲ, ಜನ, ನಡುವೆ ಆ ಕಪ್ಪು ಹೊದಿಕೆ. ಬೊಂಬೆಯಾಟವೆಂದು ಬುದ್ಧಿಗೆ ಗೊತ್ತಿದ್ದರೂ ಕೈ ಕೇಳಲಿಲ್ಲ. ತಾವಾಗಿಯೇ ಮೇಲೆ ಎದ್ದವು. ಒಂದು ಮಾತು ಬೇಡಿಕೊಂಡುಬಿಟ್ಟೆ: ಯಾ ಅಲ್ಲಾಹ್, ನಮ್ಮ ಅತ್ತೆಯನ್ನು ಒಮ್ಮೆ ಇಲ್ಲಿಗೆ ಕರೆಸಿಕೋ.

"ದುಲ್ಹನ್," ಎಂದು ಅತ್ತೆಯ ದನಿ ಎಲ್ಲಿಂದಲೋ ಬಂತು. "ಕಿಬ್ಲಾ ಈ ಕಡೆ ಐತಿ. ನೀ ಅಡಗಿಮನಿ ಕಡೆ ಮುಖ ಮಾಡಿ ಯಾರಿಗೆ ಕೈ ಎತ್ತೀ?"

ಕನ್ನಡಕ ತೆಗೆದು ನೋಡಿದರೆ ನಮಾಜಿಗೆ ಮುಖ ಮಾಡುವ ಕಿಬ್ಲಾದ ದಿಕ್ಕು ನನ್ನ ಬೆನ್ನಿಗೆ, ಎದುರು ಹಿಟ್ಟಿನ ಡಬ್ಬಿ. ಮೈದುನ ಬಿದ್ದು ಬಿದ್ದು ನಕ್ಕ. ಮರುದಿನ ಅದೇನೋ ಒತ್ತಿ ತಿರುಗಿಸಿ, ಕನ್ನಡಕದ ಕಾಬಾವನ್ನು ನಮ್ಮ ಮನೆಯ ಪಶ್ಚಿಮದ ಗೋಡೆಗೆ ಸರಿಯಾಗಿ ಕೂಡಿಸಿದ. ಆದರೆ ಆ ಗಳಿಗೆಯಲ್ಲಿ ಅತ್ತೆ ನಗುತ್ತಿರಲಿಲ್ಲ.

"ಏನ್ ಬೇಡಿದಿ?"

"ಏನಿಲ್ರಿ, ಸುಮ್ನ."

"ನಿಂದು ಖರ್ಚಾತು ನೋಡು," ಎಂದರು, ಬಹಳ ಮರುಕದಿಂದ.

ಆಗ ಗೊತ್ತಾಯಿತು, ಅವರೇಕೆ ಅಷ್ಟು ಹೊತ್ತಿನಿಂದ ನಮಗೆ ಬೆನ್ನು ಹಾಕಿ ಎಲೆ ಆರಿಸುತ್ತಿದ್ದರು ಎಂದು. ಮೈದುನ ಬಿಡಲಿಲ್ಲ. ತಾಯಿಗೆ ತೋರಿಸಲೆಂದೇ ಅವನು ಅದನ್ನು ತಂದದ್ದು, ಪಾಪ. ಎದುರು ಮಂಡಿಯೂರಿ ಕುಳಿತ.

"ಒಂದು ಸಲ ನೋಡ್ ಅಮ್ಮಾ. ಖರೇನ ಅಲ್ಲೇ ನಿಂತಂಗ ಆಗ್ತೈತಿ."

"ಅದಕ್ಕ ಬ್ಯಾಡ."

"ಗ್ವಾಡಿ ಮ್ಯಾಲೆ ಫೋಟೋ ಐತಿ. ದಿನಾ ಒರಸ್ತಿ. ಟಿವಿಯಾಗೂ ನೋಡ್ತಿ. ಅದಕ್ಕೇನೂ ಆಗಂಗಿಲ್ಲ, ಇದಕ್ಕ ಆಗ್ತೈತೇನು?"

"ಫೋಟೋ ಗ್ವಾಡಿ ಮ್ಯಾಲೆ ಇರ್ತೈತಿ, ನಾ ಇಲ್ಲೆ ಇರ್ತೇನಿ. ಇದರಾಗ ನಾನ ಅಲ್ಲೆ ಇರ್ತೇನಿ ಅಂತ ನೀನ ಹೇಳಾಕತ್ತಿ. ಮ್ಯಾಲಿನವನೂ ಹಂಗ ಲೆಕ್ಕ ಹಿಡದ್ರ? ಬಂದಿದ್ಲು, ನೋಡಿದ್ಲು, ಹೋದ್ಲು ಅಂತ ಬರಕೊಂಡ್ರ ನಾ ಏನ್ ಮಾಡ್ಲಿ?"

ಥೇಟ್ ಅಲ್ಲೇ ನಿಂತ ಹಾಗೆ ಎಂದು ಕಂಪನಿಯವರು ಜಗತ್ತಿಗೆಲ್ಲ ಸಾರಿದ್ದರು. ಆ ಮಾತನ್ನು ಅಕ್ಷರಶಃ ನಂಬಿದವರು ಬಹುಶಃ ನಮ್ಮ ಅತ್ತೆಯೊಬ್ಬರೇ. ನಂಬಿದ್ದಕ್ಕೇ ಅವರು ಬೇಡವೆಂದರು.

"ಒಂದು ಸಲ ಮೋಸ ಹೋಗೇನಿ, ಸಾಕು," ಎಂದು ಮುಂದುವರಿಸಿದರು. ಅದು ಗೊಟಗೋಡಿಯ ಶಿಲ್ಪದ ತೋಟದ ಕಥೆ. ಹಿರೇಕೆರೂರಿನಿಂದ ನಾದಿನಿಯ ಮಕ್ಕಳು ಬಂದಾಗ ಎಲ್ಲರೂ ಅಲ್ಲಿಗೆ ಹೋಗಿದ್ದೆವು. ಅಲ್ಲಿ ಹಳ್ಳಿಯ ಜನರನ್ನು ಜೀವ ಬಂದ ಹಾಗೆ ಮಾಡಿ ಕೂರಿಸಿದ್ದಾರಲ್ಲ, ಅತ್ತೆ ಒಬ್ಬ ಮುದುಕನಿಗೆ ಸಲಾಂ ಹೇಳಿ, ಉತ್ತರ ಬಾರದಿದ್ದಾಗ ಕಿವಿ ಕೇಳುವುದಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದ್ದರು. ಮಕ್ಕಳು ಇವತ್ತಿಗೂ ಆ ಸಲಾಮನ್ನು ಅಣಕಿಸಿ ನಗುತ್ತಾರೆ. "ಗೊಂಬಿಗೆ ಸಲಾಂ ಮಾಡಿದ್ರ ಏನೂ ಹೋಗಂಗಿಲ್ಲ. ಗೊಂಬಿ ಮುಂದ ದುವಾ ಚೆಲ್ಲಿಬಿಟ್ರ ಮತ್ತ ಬರ್ತೈತೇನು?"

ಆಮೇಲೆ ಕನ್ನಡಕವನ್ನು ಒಮ್ಮೆ ತಿರುಗಿ ನೋಡಿ, "ನಮ್ಮ ಅಬ್ಬಾ ಟಾಂಗಾ ಹೊಡೀವಾಗ ಕುದುರಿಗೆ ಇಂಥಾದ್ದ ಚರ್ಮದ ಪಟ್ಟಿ ಕಟ್ತಿದ್ರು, ಅದು ಅತ್ತಾಗ ಇತ್ತಾಗ ನೋಡಿ ಬೆದರಬಾರದು ಅಂತ. ನಿಮಗ ಯಾರು ಕಟ್ಟಿದ್ರು?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕಣ್ಣಪಟ್ಟಿ.

ಇದು ಇಷ್ಟಕ್ಕೇ ಮುಗಿದಿದ್ದರೆ ನಗುವ ಮಾತಾಗಿ ಉಳಿಯುತ್ತಿತ್ತು. ಆದರೆ ನನ್ನ ಗಂಡ ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಅತ್ತೆಯನ್ನು ಮಕ್ಕಾ ಯಾತ್ರೆಗೆ, ಉಮ್ರಾಕ್ಕೆ, ಕರೆದೊಯ್ಯಬೇಕೆಂದು ಅವರು ಪ್ರತಿ ರಂಜಾನಿನಲ್ಲಿ ಹೇಳುತ್ತಿದ್ದರು. ಪ್ರತಿ ಸಲ ಏನೋ ಒಂದು ಅಡ್ಡ ಬರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಮೊಣಕಾಲಿನ ಫಿಲ್ಮು ನೋಡಿ ಹೆಚ್ಚು ನಡೆಸಬೇಡಿ ಎಂದ ಮೇಲಂತೂ ಆ ಮಾತು ಆಡುವುದನ್ನೇ ಬಿಟ್ಟಿದ್ದರು. ಒಂದು ದಿನ ಊಟಕ್ಕೆ ಬಡಿಸುವಾಗ ನನ್ನನ್ನು ತಡೆದು ಹೇಳಿದರು:

"ನೀ ಹೇಳಿದ್ರ ಅಮ್ಮ ಕೇಳ್ತಾಳ. ಒಂದು ಸಲ ಹಾಕ್ಕೊಳ್ಳಾಕ ಹೇಳು. ಹೋಗೂದು ಆಗ್ತೈತೋ ಇಲ್ಲೋ. ಇಷ್ಟರ ನೋಡಲಿ ಪಾಪ."

ಮರುದಿನ ಎಲೆ ಆರಿಸಲು ನಾನೂ ಅತ್ತೆಯ ಪಕ್ಕ ಕುಳಿತೆ. ಒದ್ದೆ ಎಲೆಯ ವಾಸನೆ, ಹೊರಗೆ ಎಳೆಬಿಸಿಲು. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತ ಎರಡು ಕಟ್ಟು ಮುಗಿಸಿದೆ.

"ಏನೋ ಹೇಳಾಕ ಬಂದಿ," ಎಂದರು ಅವರೇ. "ಅಂವ ಕಳಿಸ್ಯಾನೇನು?"

"ಹೂನ್ರಿ."

"ಕಣ್ಣಪಟ್ಟಿ ಹಾಕ್ಕೊ ಅಂತ."

"ಹೂನ್ರಿ."

ಅವರು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಕಟ್ಟಿಗೆ ಸೇರಿಸಿದರು. "ಇಲ್ಲಿ ಕೇಳು ದುಲ್ಹನ್. ನಾ ಏನು ಅಷ್ಟು ಹುಚ್ಚಿ ಅಲ್ಲ. ಮ್ಯಾಲಿನವಗ ಗೊಂಬಿ ಯಾವುದು, ಖರೇ ಯಾವುದು ತಿಳಿಯಂಗಿಲ್ಲೇನು? ಅವನ ಹೆದರಿಕಿ ನನಗಿಲ್ಲ. ನನ್ನ ಹೆದರಿಕಿ ನಿನ್ನ ಗಂಡಂದು."

ನನಗೆ ತಿಳಿಯಲಿಲ್ಲ.

"ನಾ ಒಂದು ಸಲ ಅದನ್ನ ಹಾಕ್ಕೊಂಡ್ನಿ ಅಂದ್ರ, ಅಂವ 'ಅಮ್ಮಾ ಕಾಬಾ ನೋಡಿದ್ಲು' ಅಂತ ಸಮಾಧಾನ ಆಗ್ತಾನ. ಮುಂದಿನ ರಂಜಾನಿಗೆ ಆ ಮಾತ ತಗಿಯಂಗಿಲ್ಲ. ಈಗ ಅವನ ಎದಿಯಾಗ ಒಂದು ಮುಳ್ಳು ಐತಿ, ಅಮ್ಮನ್ನ ಕರಕೊಂಡ ಹೋಗಿಲ್ಲ ಅಂತ. ಆ ಮುಳ್ಳು ಇರೂತನಕ ನಾ ಹೋಗೂ ಆಸೆ ಐತಿ. ಕಣ್ಣಪಟ್ಟಿ ಹಾಕ್ಕೊಂಡು ಅದನ್ನ ನಾನ ಯಾಕ ಕೀಳಲಿ?"

ಈ ಮಾತನ್ನು ಒಂದಕ್ಷರ ಬಿಡದೆ ಗಂಡನಿಗೆ ತಲುಪಿಸಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದರು. ಸವರಿ ಸವರಿ ಎಲೆಯ ಬೆನ್ನೆಲ್ಲ ಬಿಳಿಯಾಯಿತು. ತಿನ್ನದೆ ಕೆಳಗಿಟ್ಟರು.

"ಖರೇ ಹೇಳ್ಯಾಳ," ಎಂದರು. "ನಾ ಹಂಗ ಮಾಡ್ತಿದ್ನಿ."

ಆ ವಾರವೇ ಪಾಸ್‌ಪೋರ್ಟಿಗೆ ಓಡಾಟ ಶುರುವಾಯಿತು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಬೆರಳಚ್ಚು ಕೊಡಬೇಕು. ಅತ್ತೆಯ ಬೆರಳನ್ನು ಯಂತ್ರ ಓದಲಿಲ್ಲ. ಜೀವಮಾನವಿಡೀ ಒದ್ದೆ ಎಲೆ ಸವರಿ ಸವರಿ ಅವರ ಬೆರಳಿನ ತುದಿಯ ಗೆರೆ ಅಳಿಸಿಹೋಗಿವೆ. ರೇಷನ್ ಅಂಗಡಿಯಲ್ಲೂ ಇದೇ ಪಾಡು. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ, ಕೊನೆಗೆ ನನ್ನ ಹೆಬ್ಬೆಟ್ಟಿನಿಂದ ಅಕ್ಕಿ ಬರುತ್ತದೆ. ಅಂದು ಮತ್ತೆ ಮತ್ತೆ ಒತ್ತಿಸಿದರೂ ಕೆಂಪು ದೀಪವೇ. ಅತ್ತೆ ತಮ್ಮ ಬೆರಳುಗಳನ್ನು ತಾವೇ ಅಪರಿಚಿತರಂತೆ ನೋಡಿಕೊಂಡರು. ಕೌಂಟರಿನ ಹೆಣ್ಣುಮಗಳು ಒಳ್ಳೆಯವಳು, ಅಲ್ಲಾಹ್ ಅವಳಿಗೆ ಒಳ್ಳೆಯದು ಮಾಡಲಿ. "ಅವಸರ ಇಲ್ಲ ಅಜ್ಜೀ, ಬಿಸಿನೀರಾಗ ಕೈ ತೊಳಕೊಂಡ ಬರ್ರಿ," ಎಂದಳು. ಕೆಳಗಿನ ಚಹದಂಗಡಿಯಲ್ಲಿ ಬಿಸಿನೀರು ಕೇಳಿ ತಂದು, ನನ್ನ ಚೀಲದಲ್ಲಿದ್ದ ಕೊಬ್ಬರಿ ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ನನ್ನ ಸೆರಗಿನಿಂದ ತಿಕ್ಕಿದೆ. ಅಷ್ಟಾದ ಮೇಲೆ ಹಸಿರು ದೀಪ ಹತ್ತಿತು. ಅಲ್ಹಮ್ದುಲಿಲ್ಲಾಹ್. ಅವತ್ತು ಮನೆಗೆ ಬಂದು ಎರಡು ರಕಾತ್ ಶುಕರಿನ, ಕೃತಜ್ಞತೆಯ, ನಮಾಜು ಮಾಡಿದೆ. ನಗಬೇಡಿ, ಒಂದು ಹಸಿರು ದೀಪಕ್ಕೆ.

ಬಸ್ಸಿನಲ್ಲಿ ಮರಳುವಾಗ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಪಡಸಾಲೆಯಲ್ಲಿ ಮಕ್ಕಾವನ್ನು ತಂದು ನಿಲ್ಲಿಸುವ ಯಂತ್ರ ಮನುಷ್ಯರು ಮಾಡಿದ್ದಾರೆ. ಎಲೆ ಆರಿಸಿದ ಮುದುಕಿಯ ಬೆರಳನ್ನು ಗುರುತು ಹಿಡಿಯುವ ಯಂತ್ರ ಇನ್ನೂ ಸರಿಯಾಗಿ ಆಗಿಲ್ಲ. ಅದರ ಬೆನ್ನು ಹತ್ತಿದರೆ ಯಾರೂ ಬಾಯಿ ತೆರೆದು ನೋಡುವುದಿಲ್ಲ, ಅದಕ್ಕಿರಬೇಕು. ದೊಡ್ಡ ಕಂಪನಿಗಳು ಹೊಸ ಹುಚ್ಚಿನ ಬೆನ್ನು ಹತ್ತಬೇಕೇ ಬೇಡವೇ ಎಂದು ನನ್ನಂಥವಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹತ್ತಲೇಬೇಡಿ ಎಂದು ನಾನು ಹೇಳಲಾರೆ. ಹಿಂದೆ ಯಾರೋ ಹಾಗೆ ಹುಚ್ಚು ಹಿಡಿಸಿಕೊಂಡದ್ದಕ್ಕೇ ದಿನಾ ಬೆಳಿಗ್ಗೆ ಹಾನಗಲ್ಲಿನಲ್ಲಿರುವ ನನ್ನ ಅಮ್ಮನನ್ನು ಫೋನಿನಲ್ಲಿ ಕಣ್ಣಾರೆ ನೋಡುತ್ತೇನೆ. ಅಮ್ಮ ಫೋನನ್ನು ತೊಡೆಯ ಮೇಲೆ ಮಲಗಿಸಿ ಮಾತಾಡುವುದರಿಂದ ಅರ್ಧ ಹೊತ್ತು ಕಾಣುವುದು ತಿರುಗುವ ಫ್ಯಾನು. ಆದರೂ ಅದು ಅಮ್ಮನ ಫ್ಯಾನು. ನಾನು ಹೇಳುವುದು ಇಷ್ಟೇ. ನಾನೂ ಟಿವಿಯಲ್ಲಿ ನೋಡಿ ಹೊಸ ಅಡುಗೆ ಮಾಡಿ ನೋಡುತ್ತೇನೆ, ಆದರೆ ಎಲ್ಲರ ಪಾಲಿನ ರೊಟ್ಟಿ ಬಡಿದಾದ ಮೇಲೆ. ಅವರೂ ಹಾಗೆ ಮಾಡಿದರೆ ನನ್ನ ತಕರಾರಿಲ್ಲ.

ಗಂಡ, ಅತ್ತೆ, ನಾನು ಮೂವರೂ ಹೊರಡುವ ದಿನ ಹತ್ತಿರವಾದಂತೆ ಅತ್ತೆಗೆ ಬೇರೊಂದು ಚಿಂತೆ ಹತ್ತಿತು.

"ನನಗ ಗೊತ್ತಾಗದಂಗ ಕಣ್ಣಿಗೆ ಬಿದ್ದಬಿಟ್ರ? ಬುರ್ಖಾ ಸರಿ ಮಾಡ್ಕೊಳ್ಳಾಕತ್ತಿರ್ತೇನಿ, ಯಾರೋ ದೂಡ್ತಾರ, ತಲಿ ಎತ್ತತೇನಿ, ಎದರಿಗೇ ಇರ್ತೈತಿ. ಬೇಡಾಕ ಪುರಸೊತ್ತ ಇಲ್ಲದಂಗ ಮುಗದಹೋಗ್ತೈತಿ."

"ತಲಿ ಬಗ್ಗಿಸ್ಕೊಂಡ ನಡೀರಿ."

"ಎಲ್ಲಿತನಕ? ಯಾವಾಗ ಎತ್ತಲಿ? ಅದು ನನಗ ಯಾರು ಹೇಳೂದು?"

ಆಗ ನನ್ನ ಕಣ್ಣು ಕಪಾಟಿನ ಮೇಲಿದ್ದ ಕಣ್ಣಪಟ್ಟಿಯ ಕಡೆ ಹೋಯಿತು. ಅತ್ತೆಯೂ ಅದನ್ನೇ ನೋಡಿದರು.

"ನೀ ನೋಡು," ಎಂದರು. "ನಿಂದು ಹೆಂಗೂ ಖರ್ಚಾಗೈತಿ."

ಹೀಗೆ ನಾನು ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಒಲೆಯ ಮೇಲೆ ಚಹಾ ಕುದಿಯುವ ಹೊತ್ತಿಗೆ ಮಕ್ಕಾದ ಮಸೀದಿಯಲ್ಲಿ ನಡೆದಾಡತೊಡಗಿದೆ. ಬಾಗಿಲು, ಎತ್ತರದ ಚಾವಣಿ, ಕಂಬ, ಕಮಾನು, ಮತ್ತೆ ಕಂಬ. ಕೊನೆಯ ಕಮಾನು ದಾಟಿದರೆ ಮೆಟ್ಟಿಲು, ಮೆಟ್ಟಿಲಿನ ಕೆಳಗೆ ಬಯಲು, ಬಯಲಿನ ನಡುವೆ ಕಾಬಾ. ಎಲ್ಲಿಂದ ಕಾಣತೊಡಗುತ್ತದೆ ಎಂಬುದನ್ನು ಕಣ್ಣಿಗೆ ಕಂಠಪಾಠ ಮಾಡಿಸಿದೆ. ಅತ್ತೆ ಎಲೆ ಆರಿಸುತ್ತ ಪರೀಕ್ಷೆ ಮಾಡುತ್ತಿದ್ದರು. "ಈಗ ಎಲ್ಲಿದ್ದಿ?" "ಕಂಬದ ಸಾಲಿನ್ಯಾಗರಿ." "ಹಾಲು ಉಕ್ಕಾಕತ್ತೈತಿ, ಹೊಳ್ಳಿ ಬಾ."

ನಾವು ಹೊರಡಲು ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಸಂಜೆ ಕಣ್ಣಪಟ್ಟಿಯೊಳಗೆ ಮಸೀದಿ ಬರಲಿಲ್ಲ. ಬೂದು ಬಣ್ಣದ ಪರದೆಯ ಮೇಲೆ ಏನೋ ಒಂದು ಸಾಲು. ಮೈದುನನನ್ನು ಕೂಗಿದೆ. ಅವನು ಓದಿ, ಮತ್ತೊಮ್ಮೆ ಓದಿ, ಕನ್ನಡಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಈ ಸೇವೆ ಇನ್ನು ಮುಂದೆ ಇರುವುದಿಲ್ಲ ಎಂದಿತ್ತಂತೆ.

"ಕಂಪನಿಯವ್ರು ಇದನ್ನ ಬಿಟ್ರಂತ ಭಾಭಿ. ಈಗ ಎಲ್ಲಾರೂ ಎ.ಐ. ಹಿಂದ ಹೊಂಟಾರ."

ಅವನು ಅದನ್ನು ಹಿರೇಕೆರೂರಿನ ಅಕ್ಕನ ಮನೆಗೆ ಒಯ್ದು ತೋರಿಸಿದ್ದ, ಹಾನಗಲ್ಲಿನ ನನ್ನ ತವರಿನವರಿಗೆ ತೋರಿಸಿದ್ದ. ಅಂಗಡಿಯ ಮುಂದೆ ಅದರ ಚಿತ್ರದ ಬೋರ್ಡೂ ಹಾಕಿಸಿದ್ದ. ಅಷ್ಟು ದೊಡ್ಡವರು ಒಂದು ಆಟಿಕೆ ಬಿಟ್ಟು ಇನ್ನೊಂದು ಹಿಡಿದರೆ ಅವರಿಗೆ ಏನೂ ಆಗುವುದಿಲ್ಲ. ಅವರ ಮಾತು ನಂಬಿ ಬೆನ್ನ ಹಿಂದೆ ಓಡಿ ಬಂದವರನ್ನು ಒಮ್ಮೆ ಹೊರಳಿ ನೋಡುವ ರೂಢಿ ಅವರಿಗಿಲ್ಲ.

ಅತ್ತೆ ಗೋಡೆ ಹಿಡಿದು ಎದ್ದು ಬಂದು ಮೈದುನನ ತಲೆಯ ಮೇಲೆ ಕೈಯಿಟ್ಟರು. ಕೈಯಲ್ಲಿ ಎಲೆಯ ನೀರು ಹಾಗೇ ಇತ್ತು.

"ಅದಕ್ಕ ಯಾಕ ಅಳಮುಖ ಮಾಡ್ತಿ ಛೋಟೇ? ನೀ ಆ ಕಣ್ಣಪಟ್ಟಿ ತರಲಿಲ್ಲಂದ್ರ ನಿಮ್ಮಣ್ಣ ಏಳ್ತಿದ್ದಿಲ್ಲ. ನನ್ನ ಮಕ್ಕಾಕ್ಕ ಕಳಸಾಕತ್ತಾಂವ ನೀನ."

"ನೀ ಹಾಕ್ಕೊಳ್ಳಲೇ ಇಲ್ಲಲ್ಲ ಅಮ್ಮಾ."

"ಅದಕ್ಕ ಕಳಸಾಕತ್ತಿ," ಎಂದು ಅತ್ತೆ ನಕ್ಕರು. ಅವನೂ ನಕ್ಕ. ಮರುದಿನ ಊಟಕ್ಕೆ ಕುಳಿತಾಗ ಎ.ಐ. ಏನೇನು ಮಾಡುತ್ತದೆ ಎಂದು ನಮಗೆ ಹೇಳತೊಡಗಿದ. ಅವನ ಸ್ವಭಾವವೇ ಅದು. ಅವನನ್ನು ಹಾಗೇ ಇಟ್ಟದ್ದಕ್ಕೂ ನಾನು ಶುಕರ್ ಹೇಳುತ್ತೇನೆ. ಮನೆಯಲ್ಲಿ ಒಬ್ಬರಾದರೂ ನಾಳೆಯ ಬಗ್ಗೆ ಇಷ್ಟು ಹುರುಪಿನಿಂದ ಇರಬೇಕು.

ಮಕ್ಕಾದಲ್ಲಿ ನಮ್ಮನ್ನು ಕರೆದೊಯ್ದ ಗುಂಪಿನವರು ಅತ್ತೆಗೆ ಗಾಲಿಕುರ್ಚಿ ತಂದರು. ಅತ್ತೆ ಕೂಡಲಿಲ್ಲ.

"ಮೊದಲ್ನೇ ನೋಟ ನಿಂತು ನೋಡ್ತೇನಿ. ಆಮ್ಯಾಲೆ ಎಲ್ಲಿ ಬೇಕಾದ್ರೂ ಕುಂದ್ರಸ್ರಿ."

ಬಾಗಿಲು ದಾಟುತ್ತಲೇ ಅವರು ತಲೆ ಬಗ್ಗಿಸಲಿಲ್ಲ, ಕಣ್ಣನ್ನೇ ಮುಚ್ಚಿಬಿಟ್ಟರು. ನಾನು ಅವರ ಬಲರಟ್ಟೆ ಹಿಡಿದೆ. ನನ್ನ ಗಂಡ ಎರಡು ಬಿಳಿ ಬಟ್ಟೆ ಹೊದ್ದು, ಖಾಲಿ ಕುರ್ಚಿ ತಳ್ಳಿಕೊಂಡು ಹಿಂದೆ ಬರುತ್ತಿದ್ದರು. ಕಣ್ಣಪಟ್ಟಿಯಲ್ಲಿ ಕಂಡ ಕಂಬಗಳೇ ಅವು, ಅದೇ ಕಮಾನು. ದಾರಿ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಉಳಿದದ್ದೆಲ್ಲ: ಬರಿಗಾಲಿಗೆ ತಾಗುವ ಆ ಅಮೃತಶಿಲೆಯ ತಂಪು, ಯಾವ ಯಾವ ದೇಶದವರದೋ ಬೆವರಿನ ವಾಸನೆ, ನಾಲ್ಕೂ ಕಡೆಯಿಂದ ಒತ್ತುವ ಭುಜ, ನನ್ನ ಕೈಯಲ್ಲಿ ಅತ್ತೆಯ ರಟ್ಟೆಯ ಭಾರ.

"ಬಂತೇನು?"

"ಇನ್ನೂ ಇಲ್ರಿ. ಕಂಬದ ಸಾಲಿನ್ಯಾಗ ಅದೇವಿ."

"ನೀ ಹೇಳೂತನಕ ತಗಿಯಂಗಿಲ್ಲ ಮತ್ತ."

ಕೊನೆಯ ಕಮಾನು ಬಂತು. ಇಲ್ಲೇ ಒಂದು ಎಡವಟ್ಟು. ಕಣ್ಣಪಟ್ಟಿಯೊಳಗೆ ಮೆಟ್ಟಿಲು ಕಾಣುತ್ತಿತ್ತು ನಿಜ. ಆದರೆ ನನ್ನ ಕಾಲು ಯಾವಾಗಲೂ ನಮ್ಮ ಪಡಸಾಲೆಯ ಸಮ ನೆಲದ ಮೇಲೇ ಇರುತ್ತಿದ್ದವು. ಮೆಟ್ಟಿಲು ಇಳಿಯುವುದನ್ನು ಕಾಲು ಕಲಿತಿರಲೇ ಇಲ್ಲ. ಈಗ ಅದರ ಅಂಚು ಅತ್ತೆಯ ಹೆಬ್ಬೆರಳಿನ ಹತ್ತಿರವೇ ಇದೆ, ಹಿಂದಿನಿಂದ ಜನ ದೂಡುತ್ತಿದ್ದಾರೆ, ಅವರ ಕಣ್ಣು ಮುಚ್ಚಿದೆ. ನಾನು ಅಡ್ಡ ನಿಂತು ಅವರ ನಡುವಿಗೆ ಇನ್ನೊಂದು ಕೈ ಹಾಕಿದೆ.

"ನಿಂದರ್ರಿ. ಮುಂದ ಹೆಜ್ಜಿ ಇಡಬ್ಯಾಡ್ರಿ. ಈಗ ಕಣ್ಣ ತಗೀರಿ ಅಮ್ಮಾ."

ತೆಗೆದರು. ನಾನು ಅವರ ಮುಖ ನೋಡಲಿಲ್ಲ, ಎದುರಿಗೂ ನೋಡಲಿಲ್ಲ. ನನ್ನ ಕಣ್ಣು ಮೆಟ್ಟಿಲಿನ ಅಂಚಿನ ಮೇಲೆ, ಅವರ ಬೆರಳುಗಳ ಮೇಲೆ ನೆಟ್ಟಿತ್ತು. ಅವರು ಅಳುತ್ತಿದ್ದಾರೆಂದು ಗೊತ್ತಾದದ್ದು ನನ್ನ ಕೈ ಮೇಲೆ ಹನಿ ಬಿದ್ದಾಗ.

ಕಾಬಾವನ್ನು ಸುತ್ತುವ ತವಾಫ್ ಆಯಿತು. ಕುರ್ಚಿಯಲ್ಲಿ ಕೂರಿಸಿ ಮಗನೇ ತಳ್ಳಿಕೊಂಡು ಸುತ್ತು ಹಾಕಿಸಿದರು. ಎಲ್ಲ ಮುಗಿದ ಮೇಲೆ ಅತ್ತೆ ಸೊಸೆ ಒಂದು ಗೋಡೆಗೆ ಒರಗಿ ಕುಳಿತೆವು. ನನ್ನ ಗಂಡ ಅಲ್ಲಿನ ಪವಿತ್ರ ಜಮ್‌ಜಮ್ ನೀರನ್ನು ಕಾಗದದ ಲೋಟದಲ್ಲಿ ತಂದುಕೊಟ್ಟು, ಮತ್ತೆ ತರಲು ಹೋದರು. ಈಗ ಕೇಳಬಹುದೆನಿಸಿತು.

"ಏನ್ ಬೇಡಿದ್ರಿ ಅಮ್ಮಾ?"

ಅತ್ತೆ ನೀರು ಕುಡಿದು ಬಾಯಿ ಒರೆಸಿಕೊಂಡರು. "ಎಲ್ಲಾ ಮರತುಹೋತು ದುಲ್ಹನ್. ಎಷ್ಟ ವರ್ಷದಿಂದ ಜೋಡಿಸಿಟ್ಟಿದ್ನಿ. ನಿಮ್ಮ ಮಾವಂದು, ಮಕ್ಕಳದು, ಛೋಟೇನ ಮದವಿದು, ನನ್ನ ಮಣ್ಣಿಂದು. ಕಣ್ಣ ತಗದೆ, ಒಂದೂ ಬಾಯಿಗೆ ಬರಲಿಲ್ಲ. ಬರೇ ನೀ ನನ್ನ ಹಿಡಕೊಂಡಿದ್ದು ಗೊತ್ತಾಗಾಕತ್ತಿತ್ತು. ಅದಕ್ಕ, ಯಾ ಅಲ್ಲಾಹ್, ಈ ಹಿಡಕೊಂಡಾಕಿ ಮನಸಿನ್ಯಾಗ ಈಗ ಏನೈತಿ, ಅದನ್ನ ಕೊಟ್ಟಬಿಡು ಅಂದೆ." ನನ್ನ ಕಡೆ ತಿರುಗಿದರು. "ಏನಿತ್ತು ನಿನ್ನ ಮನಸಿನ್ಯಾಗ?"

ಸುಳ್ಳು ಹೇಳುವ ಜಾಗವಲ್ಲ ಅದು.

"ಮೆಟ್ಟಲ ಇದ್ವರಿ. ನೀವು ಬೀಳಬಾರದು ಅಂತಿತ್ತು."

"ಮತ್ತೇನಿಲ್ಲ?"

"ಮತ್ತೇನಿಲ್ರಿ."

ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

"ಇಷ್ಟ ದಿನ ಜ್ವಾಕಿ ಮಾಡಿದ್ದನ್ನ ಒಯ್ದು ಒಂದು ಮೆಟ್ಟಲಕ್ಕ ಹಾಕಿಸಿಬಿಟ್ಟೆಲ್ಲ."

"ಬಿದ್ರೇನ್ರಿ?"

"ಇಲ್ಲ," ಎಂದರು, ತಮ್ಮ ಮೊಣಕಾಲನ್ನು ಒಮ್ಮೆ ಸವರಿ ನೋಡಿಕೊಂಡು. "ಬೀಳಲಿಲ್ಲ."

ಖಾಲಿ ಲೋಟವನ್ನು ನನ್ನ ಲೋಟದೊಳಗೆ ಕೂಡಿಸಿ, ಎದ್ದು ನಿಲ್ಲಲು ಮತ್ತೆ ತಮ್ಮ ಬಲರಟ್ಟೆಯನ್ನು ನನ್ನ ಕಡೆ ಚಾಚಿದರು.